ಒಂದೊಲೆ ರಿಯಾಯಿತಿ

ಸರ್ಕಾರಕ್ಕೆ ಶ್ರೀಮಂತರ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಅವರು ಕಾರಿನಲ್ಲಿ ಕೂತಾಗ ಅವರ ಎದೆಬಡಿತವನ್ನೂ ಎಣಿಸಿಕೊಳ್ಳುತ್ತಿತ್ತು.

ವಿದ್ಯುತ್ ಕಾರು ಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಆ ಹೊತ್ತಿಗೆ ಹಳೆಯ ಪದ್ಧತಿಯಾಗಿತ್ತು. ಐಷಾರಾಮಿ ಕಾರುಗಳನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದರು. ಆಮೇಲೆ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಂತಾದಾಗ ಯಾರೋ ಬುದ್ಧಿವಂತರು ಹೊಸ ನಿಯಮ ತಂದರು. ಒಂದೇ ಒಲೆಯ ಅಡುಗೆ ಉಣ್ಣುವ ಐದು ಜನ ದೊಡ್ಡವರಿರುವ ಕುಟುಂಬ, ತನ್ನ ಬಾಕಿ ಕಾರುಗಳನ್ನೆಲ್ಲ ಗುಜರಿಗೆ ಹಾಕಿ ಒಂದೇ ಕಾರಿನಲ್ಲಿ ಓಡಾಡುವುದಾದರೆ, ಆ ಕಾರು ಎಷ್ಟೇ ಬೆಲೆಬಾಳಲಿ, ಅದಕ್ಕೆ ರಿಯಾಯಿತಿ ಉಂಟು. ಜನ ಇದನ್ನು ‘ಒಂದೊಲೆ ರಿಯಾಯಿತಿ’ ಎಂದು ಕರೆದರು.

ನಿಯಮ ಬಂದದ್ದೇ ತಡ, ಒಡೆದ ಮನೆಗಳೆಲ್ಲ ಕೂಡಿಕೊಂಡವು. ಮುಖ ಕೊಟ್ಟು ಮಾತಾಡದ ಅಣ್ಣತಮ್ಮಂದಿರು ಷೋರೂಮಿನಲ್ಲಿ ಹೆಗಲ ಮೇಲೆ ಕೈಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಹುಬ್ಬಳ್ಳಿಯಲ್ಲಿ ಚಿಕ್ಕಪ್ಪಂದಿರು ಬಾಡಿಗೆಗೆ ಸಿಗತೊಡಗಿದರು. ಅತ್ತೆಯರಿಗೆ ಸ್ವಲ್ಪ ಜಾಸ್ತಿ ರೇಟು. ಆಗ ಸರ್ಕಾರ ಸೀಟುಗಳನ್ನು ಬದಲಾಯಿಸಿತು.

ಎದೆ ಒಂದು ಸಲ ಬಡಿದಾಗ ಇಡೀ ಮೈ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಹೊಸ ಸೀಟು ಆ ಅಲುಗಾಟವನ್ನು ಹಿಡಿಯುತ್ತಿತ್ತು. ಇದರಿಂದ ಕೂತವರು ಯಾರೆಂದು ತಿಳಿಯುತ್ತದೆ, ಅದು ದೊಡ್ಡ ಮಾತಲ್ಲ. ಬಹುಕಾಲ ಜೊತೆಯಲ್ಲಿ ಬಾಳಿದವರು ಒಂದೇ ಮಾತುಕತೆಯಲ್ಲಿ ಕೂತಾಗ ಅವರ ಬಡಿತಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಬಾಡಿಗೆ ಚಿಕ್ಕಪ್ಪನ ಎದೆ ಅವನ ಪಾಡಿಗೆ ಅವನದು. ಈ ಒಟ್ಟಿಗೆ ಏರಿಳಿಯುವುದನ್ನು ಅಳೆದು ‘ಹೊಂದಿಕೆ ಅಂಕ’ ಕೊಡುತ್ತಿದ್ದರು. ಅಂಕ ಅರವತ್ತು ದಾಟಿದರೆ ಕುಟುಂಬ ಅಸಲಿ, ಇಲ್ಲದಿದ್ದರೆ ನಕಲಿ.

ಈ ಅಂಕಗಳನ್ನು ನೋಡಿ ಸಹಿ ಹಾಕುವ ಅರ್ಹತಾ ಕೇಂದ್ರ ಹುಬ್ಬಳ್ಳಿಯಲ್ಲೇ ಇತ್ತು. ಅಲ್ಲಿನ ಹಿರಿಯ ಪರಿಶೀಲಕಿ ಮಧುಮತಿ. ಬೆಳಗಿನಿಂದ ಸಂಜೆಯವರೆಗೆ ಪರದೆಯ ಮೇಲೆ ಹರಿಯುವ ಐದೈದು ಗೆರೆಗಳನ್ನು ನೋಡಿ ಸಂಶಯಪಡುವುದಕ್ಕೇ ಅವಳಿಗೆ ಸಂಬಳ. ಗೆರೆಗಳಿಗೆ ಹೆಸರಿಲ್ಲ, ಊರಿಲ್ಲ. ಜನ ಗೌಪ್ಯತೆಗಾಗಿ ಹೋರಾಡಿ ಮಾತಿನ ಧ್ವನಿಮುದ್ರಣವನ್ನೂ ತೆಗೆಸಿಹಾಕಿದ್ದರು. ಸೀಟಿನ ನಂಬರು, ಕೂತವರು ಗಂಡೋ ಹೆಣ್ಣೋ ಎಂಬುದು, ಗಾಡಿಯ ವೇಗ, ನಿಂತ ಹೊತ್ತು, ಇಷ್ಟೇ.

ಆಫೀಸಿನಲ್ಲಿ ಇಷ್ಟೊಂದು ಸಂಶಯಪಡುವವಳು ಮನೆಗೆ ಹೋದರೆ ಅಲ್ಲಿ ಅವಳೇ ಸಂಶಯಕ್ಕೆ ಗುರಿ.

ಬೆಂಡಿಗೇರಿಯವರ ಮನೆತನ ದೊಡ್ಡದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು, ಹುಬ್ಬಳ್ಳಿಯಲ್ಲಿ ಮಹಡಿ ಮನೆ. ಅತ್ತೆ ನೀಲವ್ವ, ಹಿರಿಯ ಮಗ ಮಹಾಂತೇಶ, ಅವನ ಹೆಂಡತಿ ಕಸ್ತೂರಿ, ಕಿರಿಯ ಮಗ ವಿರೂಪಾಕ್ಷ, ಅವನ ಹೆಂಡತಿ ಮಧುಮತಿ. ಒಂದೇ ಒಲೆ ಎಂಬುದು ಇವರ ಮಟ್ಟಿಗೆ ನಿಜವೇ ಆಗಿತ್ತು.

ಮಧುಮತಿ ಮದುವೆಯಾಗಿ ಬಂದ ವರ್ಷವೇ ನೀಲವ್ವನ ಪಾಟಲಿ ಬಳೆಗಳು ಕಳೆದುಹೋದವು. ನೀಲವ್ವನ ತಾಯಿಯ ಕಾಲದ ಗಟ್ಟಿ ಬಂಗಾರ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ದುಂಡವ್ವನ ಮೇಲೆ ಹೊರಿಸಿ, ಅವಳನ್ನು ಕೆಲಸ ಬಿಡಿಸಿ ಕಳಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದಿನಿಂದ ನೀಲವ್ವ ತಿಜೋರಿಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಧುಮತಿ ಒಳಗೆ ಬಂದರೆ ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ದುಂಡವ್ವನನ್ನು ಬೈದದ್ದು ಎಲ್ಲರ ಮುಂದೆ, ಸಂಶಯ ಉಳಿದದ್ದು ಇವಳ ಮೇಲೆ. ಯಾರಾದರೂ ಬಾಯಿಬಿಟ್ಟು ‘ನೀನೇ ಕದ್ದೆ’ ಎಂದಿದ್ದರೆ ಜಗಳವಾಡಬಹುದಿತ್ತು. ಯಾರೂ ಅನ್ನಲಿಲ್ಲ. ಈ ಮನೆಯಲ್ಲಿ ತನ್ನ ಹೆಸರಿಗೆ ಅಂಟಿದ ಆ ಕಲೆ ಹೋಗಬೇಕು ಎಂಬುದೊಂದೇ ಮಧುಮತಿಯ ಆಸೆಯಾಗಿತ್ತು. ಮಿಕ್ಕದ್ದೆಲ್ಲ ಅವಳಿಗೆ ಇತ್ತು.

ಕಾರು ಬಂತು. ಕಾಡಿಗೆಯಂಥ ಕಪ್ಪು ಬಣ್ಣ, ಒಳಗೆ ಐದು ಸೀಟು, ನಿಂತಲ್ಲೇ ಗುನುಗುವ ಧ್ವನಿ. ಮಹಾಂತೇಶ ಅದರ ನಾಲ್ಕೂ ಚಕ್ರಕ್ಕೆ ಲಿಂಬೆಹಣ್ಣು ಇಟ್ಟು ಹತ್ತಿಸಿ, ಬಾನೆಟ್ಟಿಗೆ ವಿಭೂತಿ ಬಳಿದ. ಪರೀಕ್ಷೆಯ ಪ್ರಯಾಣಕ್ಕೆ ಎರಡು ಅವಕಾಶ. ಮೊದಲನೆಯ ಸಲ ಎಲ್ಲರೂ ಹೊಸ ಬಟ್ಟೆ ತೊಟ್ಟು, ಸ್ಟುಡಿಯೋದಲ್ಲಿ ಕೂತಂತೆ ಕೂತು, ಬ್ಯಾಡಗಿಗೆ ಹೋಗಿ ಬಂದರು. ಅಂಕ ಬಂದದ್ದು ಮೂವತ್ತೊಂದು.

“ಮೂವತ್ತೊಂದ?” ಮಹಾಂತೇಶ ಊಟದ ತಟ್ಟೆಯ ಮುಂದೆ ಗುಡುಗಿದ. “ಹುಟ್ಟಿದಾಗಿಂದ ಒಂದ ಮನ್ಯಾಗ ಅದೀವಿ. ಪಾಸಾಗಾಕೂ ನಾಲಾಯಕ್ಕಾದ್ವಿ ಏನು? ಮಧು, ನೀ ಅಲ್ಲೇ ಇರಾಕಿ. ಏನರ ಒಂದ ದಾರಿ ಹೇಳವಾ.”

“ಅದೆಲ್ಲ ಹೇಳಬಾರದ್ರಿ ಭಾವಾರ. ನನ್ನ ನೌಕರಿ ಹೋಗ್ತೈತಿ.”

“ಗುಟ್ಟ ಹೇಳಬ್ಯಾಡ. ನಾವು ಮಾಡಿದ ತಪ್ಪರ ಹೇಳು,” ಎಂದಳು ಕಸ್ತೂರಿ, ಇವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ.

ರೊಟ್ಟಿಗೆ ಮನಸ್ಸು ಕರಗಿತೋ, ಮನೆಯವಳೆಂದು ಕೇಳಿದ್ದಕ್ಕೆ ಕರಗಿತೋ, ಮಧುಮತಿ ಬಾಯಿಬಿಟ್ಟಳು. “ಸುಮ್ನ ಕುಂತ್ರ ಯಾರ ಎದಿನೂ ಏರೂದಿಲ್ಲ, ಇಳಿಯೂದಿಲ್ಲ. ಮಷೀನಿಗೆ ಪ್ರೀತಿ ಯಾವುದು, ಜಗಳ ಯಾವುದು ತಿಳಿಯೂದಿಲ್ರಿ ಅಕ್ಕಾ. ಕೂಡಿ ಏರಿದ್ರ ಸಾಕು.”

ಮಹಾಂತೇಶನ ಕಣ್ಣು ಅರಳಿತು. ಅವನು ಪ್ರಾಯದಲ್ಲಿ ಕಂಪನಿ ನಾಟಕದ ಹುಚ್ಚಿನಲ್ಲಿ ಬ್ಯಾಡಗಿಯ ರಂಗದ ಮೇಲೆ ಖಳನ ಪಾರ್ಟು ಮಾಡಿದವನು. “ಹಂಗಾದ್ರ ಜಗಳಾ ಆಡೂಣು,” ಎಂದ. “ಸುಳ್ಳ ಸುಳ್ಳ ಜಗಳಾ. ಆದ್ರ ಖರೇ ಅನಸಬೇಕು.”

ಎರಡನೇ ಪ್ರಯಾಣದ ದಿನ ಮಹಾಂತೇಶ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ವಿರೂಪಾಕ್ಷ. ಹಿಂದೆ ಅತ್ತೆ, ಕಸ್ತೂರಿ, ಮಧುಮತಿ. ಊರು ದಾಟಿದ ಮೇಲೆ ಮಹಾಂತೇಶ ತಮ್ಮನಿಗೆ ಸ್ಟೋರೇಜಿನ ಬಾಗಿಲು ಹಾಕದೆ ಬಂದದ್ದಕ್ಕೆ ಬೈದ. ವಿರೂಪಾಕ್ಷ ಬಾಯಿಪಾಠ ಒಪ್ಪಿಸುವವನಂತೆ ಉತ್ತರ ಕೊಟ್ಟ. ಕಸ್ತೂರಿಗೆ ನಗು ಬಂತು. ಜಗಳ ಏಳಲೇ ಇಲ್ಲ. ಶಿಗ್ಗಾಂವಿ ಹೋಯಿತು, ಹಾವೇರಿ ಹೋಯಿತು. ಬ್ಯಾಡಗಿ ಹತ್ತಿರದ ರೈಲ್ವೆ ಗೇಟು ಮುಚ್ಚಿತ್ತು. ಗಾಡಿ ನಿಂತಿತು.

ಅಲ್ಲಿ ಮಹಾಂತೇಶನೊಳಗಿನ ಖಳ ಎದ್ದು ಕೂತ. ಹಿಂದೆ ತಿರುಗಿ, ಗಂಟಲು ಹಿಗ್ಗಿಸಿ, “ಅದೆಲ್ಲ ಇರ್ಲಿ! ಅವ್ವನ ಪಾಟಲಿ ಯಾರು ತಗೊಂಡ್ರು? ಇವತ್ತ ಹೇಳೇ ಬಿಡ್ರಿ!” ಎಂದ.

ಕಸ್ತೂರಿಯ ನಗು ಅರ್ಧಕ್ಕೆ ತುಂಡಾಯಿತು.

“ದುಂಡವ್ವ ತಗೊಂಡಾಳ ಅಂತ ಆಗೇ ಆಗೇತಲ್ಲಣ್ಣ,” ಎಂದ ವಿರೂಪಾಕ್ಷ, ಮುಂದಿನ ಗೇಟನ್ನೇ ನೋಡುತ್ತ.

“ಮನ್ಯಾಗ ದುಂಡವ್ವ ಒಬ್ಬಾಕಿನ ಇದ್ಲೇನು?” ನೀಲವ್ವ ಮೆಲ್ಲಗೆ ಕೇಳಿದಳು. “ಆ ವರ್ಷ ಹೊಸದಾಗಿ ಬಂದಾಕಿನೂ ಒಬ್ಬಾಕಿ ಇದ್ಲಲ್ಲ.”

ಮಧುಮತಿಯ ಕಿವಿಯಲ್ಲಿ ರಕ್ತ ನುಗ್ಗಿತು. ರೈಲು ಬಂದು ಹೋಯಿತು, ಗೇಟು ಎದ್ದಿತು. ಆಮೇಲೆ ಮಹಾಂತೇಶ ಸ್ಟೇರಿಂಗಿಗೆ ಹೊಡೆದು ನಕ್ಕುಬಿಟ್ಟ.

“ಭಾರೀ ಆತವ್ವಾ! ನಿನಗ ನಾಟಕದಾಗ ಪಾರ್ಟ ಕೊಡಸಬೇಕಿತ್ತು!”

ನೀಲವ್ವನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಎಲ್ಲರೂ ನಕ್ಕರು. ಮಧುಮತಿಯೂ ನಗಬೇಕಾಯಿತು. ಅತ್ತೆ ಹೇಳಿದ್ದು ಪಾರ್ಟೋ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೋ? ಅಂದು ಯಾರು ಮಾತಾಡಿಸಿದರೂ ಅವರ ಮುಖದಲ್ಲಿ ಅವಳು ಅದನ್ನೇ ಹುಡುಕಿದಳು.

ಮುಂದಿನ ವಾರ ಕೇಂದ್ರದಲ್ಲಿ ಅವಳ ಪರದೆಗೆ ಒಂದು ಕಡತ ಬಂತು. ತನ್ನ ಮನೆಯವರ ಕಡತ ತನ್ನ ಮುಂದೆ ಬರಬಾರದೆಂಬ ನಿಯಮವಿತ್ತು. ಕಡತಕ್ಕೆ ಹೆಸರೇ ಇಲ್ಲವೆಂದ ಮೇಲೆ ಆ ನಿಯಮವನ್ನು ಪಾಲಿಸುವವರು ಯಾರು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಅವಳು ಚಹಾ ಕುಡಿಯುತ್ತ ಗೆರೆಗಳನ್ನು ಓಡಿಸಿದಳು. ಮೂರನೇ ಸೀಟಿನ ಬಡಿತ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಯಾರೋ. ನೀಲವ್ವನಿಗೂ ಪೇಸ್‌ಮೇಕರ್ ಇತ್ತು, ಆದರೆ ಊರಲ್ಲಿ ಅದು ಎಷ್ಟೋ ಜನರಿಗಿದೆ. ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿ ಒಂದು ಕಡೆ ನಿಂತಿತು. ನಿಂತ ಮೇಲೆ ಉಳಿದ ಗೆರೆಗಳೆಲ್ಲ ಒಮ್ಮೆಗೇ ಜಿಗಿದವು. ಮಧುಮತಿ ಚಹಾದ ಕಪ್ಪನ್ನು ಕೆಳಗಿಟ್ಟಳು.

ಅಷ್ಟರಲ್ಲಿ ಹಿಂದಿನಿಂದ ಇಮ್ತಿಯಾಜ್ ಬಗ್ಗಿ ನೋಡಿದ. ಧಾರವಾಡದ ಹುಡುಗುಬುದ್ಧಿಯ ಸಹೋದ್ಯೋಗಿ. ಗೆರೆ ಓದುವುದನ್ನು ಇವಳಿಂದಲೇ ಕಲಿತವನು.

“ಅಸಲೀ ಫ್ಯಾಮಿಲಿ ಬಿಡ್ರಿ ಮೇಡಂ. ಇಷ್ಟ ಚಂದ ಜಗಳಾ ಬಾಡಿಗಿ ಮಂದಿಗೆ ಬರೂದಿಲ್ಲ. ಆದ್ರ ಎರಡನೇ ಸೀಟಿನಾಂವ ಕಳ್ಳ ಅದಾನ ನೋಡ್ರಿ.”

“ಹೆಂಗ ಹೇಳ್ತೀರಿ?” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

“ನೀವ ಕಲಿಸಿದ್ದಲ್ಲ! ಮಾತ ಬಂದ ಕೂಡ್ಲೆ ಎಲ್ಲಾರದೂ ಏರೇತಿ, ಅವಂದು ಎಲ್ಲಾರಕಿಂತ ಹೆಚ್ಚ ಏರೇತಿ. ಈಗ ಇಲ್ಲಿ ನೋಡ್ರಿ, ಐದನೇ ಸೀಟಿನಾಕಿ ಎದಿ ಒಡದ ಹೋಗುವಷ್ಟ ಜಿಗದೈತಿ. ಯಾರೋ ಅಕಿ ಮ್ಯಾಲೆ ಹೇಳ್ಯಾರ. ಆ ಹೊತ್ತಿಗೇ ಇವಂದು ಸರ್ ಅಂತ ಇಳದೈತಿ. ಅಬ್ಬಾ ಅಂತ ಉಸಿರ ಬಿಟ್ಟಾನ ಮಗಾ.” ಅವನು ನಕ್ಕ. “ಏನ ಮಾಡಿದ್ನೋ ಏನೋ. ಬ್ಯಾರೆದಾರ ತಲಿಗೆ ಕಟ್ಟಿದ್ರ ಸಮಾಧಾನ ಆಗೇತಿ ಅವಂಗ.”

ಮಧುಮತಿ ಐದನೇ ಗೆರೆಯನ್ನೇ ನೋಡಿದಳು. ಆ ಜಿಗಿತ ಅವಳದು. ಅದು ಯಾವ ಮಾತಿಗೆ ಎಂದು ಯಂತ್ರಕ್ಕೆ ಗೊತ್ತಿಲ್ಲ, ಇಮ್ತಿಯಾಜನಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ‘ಹೊಸದಾಗಿ ಬಂದಾಕಿನೂ ಒಬ್ಬಾಕಿ.’ ತನ್ನ ಜೀವ ಬಾಯಿಗೆ ಬಂದ ಆ ಹೊತ್ತಿಗೆ ತನ್ನ ಗಂಡನ ಎದೆ ಹಗುರಾಗಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಇಂಥ ಗೆರೆಗಳನ್ನು ಎಷ್ಟು ಮನೆಯವರದು ಓದಿ, ಚಹಾ ಕುಡಿಯುತ್ತ ನಕ್ಕಿಲ್ಲ ತಾನು?

“ನೀವ ಸಹಿ ಮಾಡ್ರಿ ಇಮ್ತಿಯಾಜ್,” ಎಂದು ಕುರ್ಚಿ ಬಿಟ್ಟು ಎದ್ದಳು. “ಇದು ನಾ ನೋಡೂ ಕಡತ ಅಲ್ಲ.”

ಅವನು ಕೂತು ಸಹಿ ಮಾಡಿದ. ಅಂಕ ಎಂಬತ್ತೆಂಟು.

ಆದರೂ ಗೆರೆ ಗೆರೆಯೇ. ಗೇಟಿನಾಚೆ ಏನನ್ನೋ ಕಂಡು ಗಂಡನಿಗೆ ಸಮಾಧಾನವಾಗಿರಬಹುದು, ಬೆನ್ನು ನೋಯುತ್ತಿದ್ದದ್ದು ನಿಂತಿರಬಹುದು. ಆಫೀಸಿನಲ್ಲಿ ಒಂದು ಗೆರೆಯ ಮೇಲೆ ಯಾರನ್ನೂ ಅನರ್ಹ ಮಾಡಬಾರದೆಂದು ಅವಳೇ ಪಾಠ ಹೇಳುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಗಂಡನ ಪರವಾಗಿ ನೂರು ಕಾರಣ ಹುಡುಕಿದಳು. ಒಂದೂ ಅವಳ ಕೈಹಿಡಿಯಲಿಲ್ಲ.

ವಿರೂಪಾಕ್ಷ ಬಾಲ್ಕನಿಯಲ್ಲಿ ಗಿರಮಿಟ್ಟು ತಿನ್ನುತ್ತ ಕೆಳಗೆ ನಿಂತ ಕಾರನ್ನು ನೋಡುತ್ತಿದ್ದ. ಒಳ್ಳೆಯ ಗಂಡನೇ, ಜ್ವರ ಬಂದರೆ ಬಿಸಿನೀರು ಕಾಯಿಸಿ ಕೊಡುವವನು, ತವರಿಗೆ ಹೋಗಬೇಡವೆಂದು ಒಮ್ಮೆಯೂ ಅಂದವನಲ್ಲ. ಅದಕ್ಕೇ ಅವಳ ಸಂಕಟ ಹೆಚ್ಚಾಯಿತು. ಪಕ್ಕದಲ್ಲಿ ಕೂತು ಅವನ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲೆ ಕೂತವು. ಅವನು ಅದನ್ನು ಮುದ್ದೆಂದುಕೊಂಡ.

“ಒಂದ ಮಾತ ಕೇಳ್ತೀನ್ರಿ. ಆ ಪಾಟಲಿ ದುಂಡವ್ವ ತಗೊಂಡಿರಾಕಿಲ್ಲ ಅನಸ್ತೈತಿ ನನಗ.”

ಬೆರಳಡಿಯಲ್ಲಿ ನಾಡಿ ಓಡತೊಡಗಿತು.

“ಈಗ್ಯಾಕ ಅದು?” ಎಂದ ಅವನು.

“ಅತ್ತಿಯಾರ ಮನಸಿನ್ಯಾಗ ನಾನ ಅದೀನಿ. ನೀವೂ ಕೇಳಿದ್ರೆಲ್ಲ ಗಾಡ್ಯಾಗ. ಎಷ್ಟ ದಿನ ಹಿಂಗ ಕುದಿಯೂದು? ನಾನ ತಗೊಂಡಿದ್ದೆ, ತಪ್ಪಾತು ಅಂತ ಅವರ ಕಾಲಿಗೆ ಬಿದ್ದ ಹೇಳಿಬಿಡ್ತೀನಿ. ಒಮ್ಮೆ ಮುಗದ ಹೋಗ್ಲಿ.”

“ಏ, ಹುಚ್ಚ ಗಿಚ್ಚ ಹಿಡದೈತೇನು? ನೀ ಯಾಕ ಹೇಳ್ತಿ?” ಎಂದಿತು ಬಾಯಿ. ಬೆರಳಡಿಯ ನಾಡಿ ನಿಧಾನವಾಗಿ, ತುಂಬಾ ನಿಧಾನವಾಗಿ, ಶಾಂತವಾಯಿತು. ಆಮೇಲೆ ಅವನೇ ಕೇಳಿದ. “ಹೇಳಿದ್ರ ಅವ್ವ ಏನ ಅಂದಾಳು?”

ಮಧುಮತಿ ಅವನ ಕೈಯನ್ನು ಅವನ ತೊಡೆಯ ಮೇಲೆ ಇಟ್ಟು ಎದ್ದುಹೋದಳು.

ನೀಲವ್ವ ಕೆಳಗೆ ಪಡಸಾಲೆಯಲ್ಲಿ ಕೂತು ಮನೆಬಳಕೆಯ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮಧುಮತಿ ಎದುರಿಗೆ ಕುಕ್ಕರಿಸಿದಳು. ಅತ್ತೆಯ ಕೈ ಸೊಂಟಕ್ಕೆ ಹೋಯಿತು.

“ಅತ್ತಿ, ಪಾಟಲಿ ಯಾರ ತಗೊಂಡ್ರು ಅಂತ ನನಗ ಗೊತ್ತಾತ್ರಿ.”

ನೀಲವ್ವ ತಲೆ ಎತ್ತಲಿಲ್ಲ. ಇನ್ನೆರಡು ತೊಟ್ಟು ಮುರಿದಳು. “ಅಂವ ಹೇಳಿದ್ನೇನು?”

ಅತ್ತೆ ಕೇಳಿದ್ದು ‘ಯಾರು’ ಎಂದಲ್ಲ.

“ನಿಮಗ ಗೊತ್ತಿತ್ತು,” ಎಂದಳು ಮಧುಮತಿ.

“ಹಡದಾಕಿಗೆ ಗೊತ್ತಾಗೂದಿಲ್ಲೇನು? ಸಟ್ಟಾ ಆಡಿ ರೊಕ್ಕ ಕಳಕೊಂಡಿದ್ದ. ಮಹಾಂತೂಗ ತಿಳದಿದ್ರ ಮನೀ ಎರಡಾಗತಿತ್ತು.” ನೀಲವ್ವ ಈಗ ನೋಡಿದಳು. ಆ ಮುಖದಲ್ಲಿ ಏರಿಳಿತವಿರಲಿಲ್ಲ. ಅದಕ್ಕೂ ಪೇಸ್‌ಮೇಕರ್ ಹಾಕಿಸಿದ್ದಾರೋ ಎಂದು ಮಧುಮತಿಗೆ ಅನ್ನಿಸಿತು. “ಯಾರರ ಒಬ್ಬರು ಹೊರಬೇಕಲ್ಲವಾ. ದುಂಡವ್ವ ಹೊರಗಿನಾಕಿ. ನೀ ಆಗಿನ್ನೂ ಬಂದಾಕಿ.”

“ಮತ್ತ ಕೀಲಿ ಯಾಕ ನನ್ನ ಕಂಡ ಮುಚ್ಕೋತಿದ್ರಿ?”

“ಮಂದಿ ನೋಡ್ತಾರಲ್ಲ. ಅವರಿಗೂ ಒಂದ ಸಂಶೇ ಇರಬೇಕು. ಇಲ್ಲಂದ್ರ ಬ್ಯಾರೆ ಕಡೆ ಹುಡಿಕ್ತಾರ.”

ಮನೆಯನ್ನು ಒಂದಾಗಿ ಇಟ್ಟ ಹೆಂಗಸು ಅಷ್ಟು ಹೇಳಿ ಮತ್ತೆ ತೊಟ್ಟು ಮುರಿಯತೊಡಗಿದಳು. ಮಧುಮತಿ ಘಾಟು ತಡೆಯಲಾಗದೆ ಕಣ್ಣೊರೆಸಿಕೊಂಡಳು. ಘಾಟಿನದೇ ನೀರೆಂದು ಅವಳು ಹೇಳಿಕೊಳ್ಳಲೂ ಇಲ್ಲ.

ಮರುದಿನ ಅರ್ಹತೆಯ ಸುದ್ದಿ ಬಂತು. ಮಹಾಂತೇಶ ಪೇಢೆ ಹಂಚಿದ. ಇನ್ನೊಂದೇ ಕೆಲಸ ಬಾಕಿಯಿತ್ತು. ಸಂಜೆಯೊಳಗೆ ಐವರೂ ಗಾಡಿಯಲ್ಲಿ ಕೂತು, ಒಬ್ಬೊಬ್ಬರೂ ತಮ್ಮ ಬಾಯಿಯಿಂದ ಒಪ್ಪಿಗೆ ಹೇಳಬೇಕು. ಒಬ್ಬರು ಒಪ್ಪದಿದ್ದರೂ ರಿಯಾಯಿತಿ ಇಲ್ಲ, ಮತ್ತೆ ಅರ್ಜಿ ಹಾಕುವಂತೆಯೂ ಇಲ್ಲ.

ಎಲ್ಲರೂ ಕೂತರು. ಬಾಗಿಲುಗಳು ಮುಚ್ಚಿಕೊಂಡವು. ಗಾಡಿ ಹೆಂಗಸಿನ ಮೃದುವಾದ ದನಿಯಲ್ಲಿ ಕೇಳಿತು: “ಒಂದನೇ ಸೀಟು. ನೀವು ಈ ಮನೆಯವರೇ?”

“ಹೌದ್ರಿ!” ಮಹಾಂತೇಶ ರಂಗದ ಮೇಲಿನ ಗಂಟಲಿನಲ್ಲಿ ಹೇಳಿದ.

ವಿರೂಪಾಕ್ಷ ಹೌದೆಂದ. ನೀಲವ್ವ ಹೌದೆಂದಳು. ಕಸ್ತೂರಿ ಕನ್ನಡಿಯಲ್ಲಿ ಕೂದಲು ತಿದ್ದಿಕೊಂಡು ಹೌದೆಂದಳು.

“ಐದನೇ ಸೀಟು. ನೀವು ಈ ಮನೆಯವರೇ?”

ಮಧುಮತಿ ಸುಮ್ಮನಿದ್ದಳು. ಗಾಡಿ ಇನ್ನೊಮ್ಮೆ ಕೇಳಿತು, ಅಷ್ಟೇ ಮೃದುವಾಗಿ.

“ಹೌದನ್ನವಾ ಮಧು,” ಎಂದ ಮಹಾಂತೇಶ. “ಮಾತಾಡೂ ಹೊತ್ತಿನ್ಯಾಗ ಮೌನ ಹಿಡದಿ?”

“ದುಂಡವ್ವನ ಮನೀ ಮುಂದ ಹೇಳ್ತೀನ್ರಿ ಭಾವಾರ. ಶಿಗ್ಗಾಂವ್ಯಾಗ ಅದಾಳಂತ ಅಕಿ. ಸಂಜಿತನಕಾ ಟೈಮ್ ಐತಿ.”

“ದುಂಡವ್ವನ? ಅಕೀದೇನ ಇದ್ರಾಗ?”

“ನಿಮ್ಮ ತಮ್ಮನ್ನ ಕೇಳ್ರಿ. ಇಲ್ಲಂದ್ರ ಅತ್ತಿಯಾರ್ನ ಕೇಳ್ರಿ.”

ನೀಲವ್ವ ಕಸ್ತೂರಿಯ ಆಚೆಗೆ ಕೈಚಾಚಿ ಕಿರಿಯ ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. “ಸುಮ್ನ ಕುಂಡ್ರು. ಮನೀ ಮಾನ ಐತಿ.”

“ನಂದೂ ಐತ್ರಿ,” ಎಂದಳು ಮಧುಮತಿ. ಕೈ ಬಿಡಿಸಿಕೊಂಡಳು.

ಮಹಾಂತೇಶ ನಗಲು ನೋಡಿದ. ಇದೂ ಪಾರ್ಟಿರಬಹುದೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಹಿಂದೆ ಅವ್ವ ಕಿಟಕಿಯ ಕಡೆ ತಿರುಗಿದ್ದಳು. ಪಕ್ಕದಲ್ಲಿ ತಮ್ಮ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖ ಮಾಡಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ. ಮಹಾಂತೇಶನ ನಗು ಮುಖದಲ್ಲೇ ಉಳಿದು, ಅರ್ಥ ಕಳೆದುಕೊಂಡಿತು.

“ವಿರೂಪಾ?” ಎಂದ, ರಂಗದ ಗಂಟಲಿನಲ್ಲಲ್ಲ.

ಗಾಡಿ ಮೂರನೆಯ ಸಲ ಕೇಳಿತು. ಐದನೇ ಸೀಟಿನವಳು ಉತ್ತರ ಕೊಡಲಿಲ್ಲ.

“ಶಿಗ್ಗಾಂವಿ ಕಡೆ ಗಾಡಿ ಹೊಂಡಸಪಾ ಅಣ್ಣಾ,” ಎಂದ ವಿರೂಪಾಕ್ಷ. “ಅಕಿ ಮುಂದ ನಾನ ಹೇಳ್ತೀನಿ.”